ಮತಪೆಟ್ಟಿಗೆಯಲ್ಲಿ ಸೋಲದ ಮೇಯರ್‌ಗೆ ಸೆರೆಮನೆ

ಇಸ್ತಾಂಬುಲ್ ಮಹಾನಗರದ ಮೇಯರ್ ಎಕ್ರೆಮ್ ಇಮಾಮೊಗ್ಲು ಅವರನ್ನು 2025ರ ಮಾರ್ಚ್ 19ರಂದು ವಶಕ್ಕೆ ಪಡೆದು, ನಾಲ್ಕು ದಿನಗಳಲ್ಲಿ ಸೆರೆಮನೆಗೆ ಕಳುಹಿಸಿದ್ದನ್ನು ಟರ್ಕಿಯ ಆಡಳಿತ ಭ್ರಷ್ಟಾಚಾರದ ವಿರುದ್ಧದ ಕ್ರಮವೆಂದು ಬಣ್ಣಿಸುತ್ತದೆ. ಆದರೆ ಅವರ ರಾಜಕೀಯ ಜೀವನದ ಘಟನೆಗಳನ್ನು ಸಾಲಾಗಿ ಜೋಡಿಸಿ ನೋಡಿದರೆ, ಚುನಾವಣೆಯಲ್ಲಿ ಮಣಿಸಲಾಗದ ಎದುರಾಳಿಯನ್ನು ಕಣದಿಂದಲೇ ಹೊರಗಿಡುವ ಹುನ್ನಾರ ನಿಚ್ಚಳವಾಗುತ್ತದೆ.

1970ರಲ್ಲಿ ಟ್ರಾಬ್ಜಾನ್ ಪ್ರಾಂತ್ಯದಲ್ಲಿ ಹುಟ್ಟಿ, ಕಟ್ಟಡ ನಿರ್ಮಾಣದ ಉದ್ಯಮದಿಂದ ರಾಜಕೀಯಕ್ಕೆ ಬಂದು, 2014ರಲ್ಲಿ ಇಸ್ತಾಂಬುಲ್‌ನ ಒಂದು ಹೊರವಲಯದ ಸ್ಥಳೀಯ ಮೇಯರ್ ಆದ ಅವರು, 2019ರ ಮಾರ್ಚ್‌ನಲ್ಲಿ ಸುಮಾರು 13 ಸಾವಿರ ಮತಗಳ ಅಂತರದಿಂದ ಮಹಾನಗರವನ್ನು ಗೆದ್ದರು. ಚುನಾವಣಾ ವ್ಯಾಜ್ಯಗಳಲ್ಲಿ ಅಂತಿಮ ಮಾತು ಹೇಳುವ ಸರ್ವೋಚ್ಚ ಚುನಾವಣಾ ಮಂಡಳಿ, ಕೆಲವು ಮತಗಟ್ಟೆಗಳ ಮುಖ್ಯಸ್ಥರು ಸರ್ಕಾರಿ ನೌಕರರಾಗಿರಲಿಲ್ಲವೆಂಬ ಕಾರಣಕ್ಕೆ ಆ ಗೆಲುವನ್ನು ರದ್ದುಗೊಳಿಸಿತು. ಮತದಾರರು ಮಹಾನಗರದ ಮೇಯರ್, ಸ್ಥಳೀಯ ಮೇಯರ್, ಸ್ಥಳೀಯ ಪರಿಷತ್ತು ಇವೆಲ್ಲಕ್ಕೂ ಹಾಕಿದ ಮತಪತ್ರಗಳು ಒಂದೇ ಲಕೋಟೆಯಲ್ಲಿದ್ದವು. ಅಸಿಂಧುವಾದದ್ದು ಮಹಾನಗರದ ಮೇಯರ್ ಸ್ಥಾನದ ಮತ ಮಾತ್ರ. ಜೂನ್‌ನ ಮರುಚುನಾವಣೆಯಲ್ಲಿ ಮತದಾರರು ಗೆಲುವಿನ ಅಂತರವನ್ನು 8 ಲಕ್ಷಕ್ಕೇರಿಸಿ ಉತ್ತರ ಕೊಟ್ಟರು, 2024ರಲ್ಲಿ ಮತ್ತೆ ಅವರನ್ನೇ ಆರಿಸಿದರು.

ಟರ್ಕಿಯಲ್ಲಿ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸುವವರಿಗೆ ಉನ್ನತ ಶಿಕ್ಷಣದ ಪದವಿ ಕಡ್ಡಾಯವಾಗಿದ್ದು, ಬಂಧನದ ಹಿಂದಿನ ದಿನವೇ ಇಸ್ತಾಂಬುಲ್ ವಿಶ್ವವಿದ್ಯಾಲಯ ಅವರ ಪದವಿಯನ್ನು ರದ್ದುಪಡಿಸಿತು. ಸುಮಾರು 3 ದಶಕಗಳ ಹಿಂದಿನ ಪ್ರಮಾಣಪತ್ರದ ದೋಷ, ವಿರೋಧ ಪಕ್ಷ ಅವರನ್ನು ಅಧ್ಯಕ್ಷೀಯ ಅಭ್ಯರ್ಥಿಯಾಗಿ ಆರಿಸಲಿದ್ದ ವಾರದಲ್ಲೇ ಕಣ್ಣಿಗೆ ಬಿದ್ದದ್ದನ್ನು ಕಾಕತಾಳೀಯವೆಂದು ನಂಬುವುದು ಕಷ್ಟ.

ನ್ಯಾಯಾಂಗ ಸ್ವತಂತ್ರವಾಗಿದೆ, ಮೇಯರ್ ಕಾನೂನಿಗಿಂತ ದೊಡ್ಡವರಲ್ಲ ಎಂಬುದು ಸರ್ಕಾರದ ವಾದ. ಪಾಲಿಕೆಯ ಗುತ್ತಿಗೆಗಳ ಮೇಲಿನ ಆರೋಪಗಳ ತನಿಖೆಯಾಗಲೇಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅಪರಾಧ ಸಾಬೀತಾಗುವ ಮೊದಲೇ ಆರೋಪಿಯನ್ನು ಕೂಡಿಡುವ ವಿಚಾರಣಾಪೂರ್ವ ಬಂಧನ ತನಿಖೆಯ ಸಾಧನವೇ ಹೊರತು ಶಿಕ್ಷೆಯಲ್ಲ. ಇಲ್ಲಿ ಬಂಧನ ಮೊದಲು ನಡೆದು, ಆರೋಪಪಟ್ಟಿ ಸಲ್ಲಿಕೆಯಾದದ್ದು ನವೆಂಬರ್‌ನಲ್ಲಿ, ಅಂದರೆ ಸುಮಾರು 8 ತಿಂಗಳ ನಂತರ.

ಈ ಆಟದ ಒಳಹೊರಗನ್ನು ಅಧ್ಯಕ್ಷ ರಜಪ್ ತಯ್ಯಿಪ್ ಎರ್ಡೊಗಾನ್ ಅವರಷ್ಟು ಬಲ್ಲವರು ಬೇರಿಲ್ಲ. 1994ರಲ್ಲಿ ಇದೇ ನಗರದ ಮೇಯರ್ ಆದ ಅವರು, ಸಭೆಯೊಂದರಲ್ಲಿ ಪದ್ಯ ವಾಚಿಸಿದ್ದಕ್ಕಾಗಿ ಶಿಕ್ಷೆಗೊಳಗಾಗಿ ಸ್ಥಾನ ಕಳೆದುಕೊಂಡು, 1999ರಲ್ಲಿ 4 ತಿಂಗಳು ಸೆರೆಯಲ್ಲಿದ್ದರು, 2003ರಲ್ಲಿ ಪ್ರಧಾನಿಯಾದರು. ತಮಗಾದ ಅನ್ಯಾಯವನ್ನೇ ಬಂಡವಾಳ ಮಾಡಿಕೊಂಡು ಅಧಿಕಾರಕ್ಕೇರಿದವರ ಆಳ್ವಿಕೆಯಲ್ಲಿ ಅದೇ ಅನ್ಯಾಯ ಇನ್ನೊಬ್ಬ ಮೇಯರ್‌ಗೆ ಆಗುತ್ತಿರುವುದನ್ನು ನ್ಯಾಯವೆನ್ನಲಾಗದು. ಇಮಾಮೊಗ್ಲು ತಪ್ಪಿತಸ್ಥರೇ ಎಂಬುದನ್ನು ಬಹಿರಂಗ ವಿಚಾರಣೆ ನಿರ್ಧರಿಸಲಿ. ದೇಶ ಆಳಲು ಯೋಗ್ಯರೇ ಎಂಬುದನ್ನು ನಿರ್ಧರಿಸುವ ಹಕ್ಕು ಮತದಾರರದ್ದು ಮಾತ್ರ.