ಹಿಂದಿನ ಬೆಂಚಿನ ಹಲ್ಲುಗಳು

ಪುಣೆಗೆ ಬಂದ ಮೇಲೆ ನಾನು ಕಲಿತ ಮರಾಠಿ ಪದಗಳಲ್ಲಿ ‘ದಾಢ’ ಒಂದು. ಬಾಯಿಯ ಮುಂದಿರುವುದು ‘ದಾತ’, ಹಿಂದಿರುವುದು ‘ದಾಢ’. ನಾವು ದವಡೆ ಹಲ್ಲು ಅನ್ನುತ್ತೇವೆ. ಸೆಲ್ಫಿಯಲ್ಲಿ ಕಾಣುವುದು ದಾತ, ದುಡಿಯುವುದು ದಾಢ. ನಮ್ಮ ಐಟಿಯವರ ಮಾತಲ್ಲಿ ಹೇಳುವುದಾದರೆ ಅದು ಬ್ಯಾಕೆಂಡ್. ಕೆಟ್ಟಾಗ ಮಾತ್ರ ನೆನಪಾಗುತ್ತದೆ.

ನಮ್ಮ ಮಂಡ್ಯದ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಇಲ್ಲಿನ ಜೋಳದ ಭಾಕರಿಯ ಮುಂದೆ ಆ ಜಾಣತನ ನಡೆಯುವುದಿಲ್ಲ. ಬಾಚಿಹಲ್ಲು ತುಂಡರಿಸುತ್ತದೆ. ನಾಲಿಗೆ, ಕೆನ್ನೆ ಸೇರಿ ತುತ್ತನ್ನು ಹಿಂದಿನ ಹಲ್ಲುಗಳ ನಡುವೆ ತಳ್ಳುತ್ತವೆ. ಕೆಳದವಡೆ ಮೇಲೆ ಕೆಳಗಷ್ಟೇ ಅಲ್ಲ, ಅಡ್ಡಕ್ಕೂ ಆಡುತ್ತಾ ಬೀಸುಕಲ್ಲಿನ ಹಾಗೆ ಅರೆಯುತ್ತದೆ. ಜೊತೆಗೆ ಜೊಲ್ಲು ಬೆರೆತು, ಅದರಲ್ಲಿರುವ ಅಮೈಲೇಸ್ ಪಿಷ್ಟವನ್ನು ಸಕ್ಕರೆಯಾಗಿ ಒಡೆಯಲು ಶುರು ಮಾಡುತ್ತದೆ. ಭಾಕರಿ ಅಗಿಯುತ್ತಾ ಹೋದಂತೆ ಸಿಹಿ ಅನ್ನಿಸುವುದು ಇದಕ್ಕೇ.

ಈ ಹಲ್ಲು ಎಷ್ಟು ಗಟ್ಟಿ? ಪುಣೆ ಜಿಲ್ಲೆಯ ಇನಾಮ್‌ಗಾಂವ್‌ನಲ್ಲಿ ಡೆಕ್ಕನ್ ಕಾಲೇಜಿನವರು 1968ರಿಂದ 1983ರವರೆಗೆ ಅಗೆದಾಗ, ಸುಮಾರು 3,000 ವರ್ಷ ಹಿಂದಿನ ರೈತಾಪಿ ಜನರ ಸಮಾಧಿಗಳು ಸಿಕ್ಕವು. ಮಕ್ಕಳ ಹಲ್ಲುಗಳೂ ಅಧ್ಯಯನ ಮಾಡುವಷ್ಟು ಚೆನ್ನಾಗಿ ಉಳಿದಿದ್ದವು. ಅಷ್ಟು ಕಾಲ ಮಣ್ಣಲ್ಲಿ ಬಾಳಿದ ಎನಾಮಲ್, ಬಾಯಲ್ಲಿ ಬಿಸ್ಕತ್ತು ಚಾಕೊಲೇಟಿಗೆ ಸೋಲುತ್ತದೆ. ದವಡೆ ಹಲ್ಲಿನ ಸಂದುಗಳಲ್ಲಿ ಕೂತ ಸಿಹಿಯನ್ನು ಬ್ಯಾಕ್ಟೀರಿಯಾ ಆಮ್ಲವಾಗಿಸುತ್ತವೆ. ಆ ಆಮ್ಲ ಎನಾಮಲನ್ನು ಕರಗಿಸುತ್ತದೆ.

ಮನೆಯಲ್ಲಿ ಆರೇಳು ವರ್ಷದ ಮಕ್ಕಳಿರುವವರು ಇದನ್ನು ಗಮನಿಸಿ. ಸುಮಾರು 6ನೇ ವಯಸ್ಸಿಗೆ, ಕೊನೆಯ ಹಾಲುಹಲ್ಲಿನ ಹಿಂದೆ, ಮೊದಲ ಶಾಶ್ವತ ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಸದ್ದಿಲ್ಲದೆ ಬರುವುದರಿಂದ ಎಷ್ಟೋ ಮನೆಗಳಲ್ಲಿ ಅದು ಬಂದದ್ದೇ ಗೊತ್ತಾಗುವುದಿಲ್ಲ. ಹುಳುಕು ಕಂಡರೂ ‘ಹಾಲುಹಲ್ಲು ತಾನೇ, ಬಿದ್ದುಹೋಗುತ್ತೆ ಬಿಡಿ’ ಅನ್ನುತ್ತಾರೆ. ಅದು ಬಿದ್ದು ಮತ್ತೆ ಹುಟ್ಟುವ ಹಲ್ಲಲ್ಲ. ಜೀವನಪೂರ್ತಿ ಅದೇ ಅರೆಯಬೇಕು. ತೆಗೆಸಿಬಿಟ್ಟರೆ ಪಕ್ಕದ ಹಲ್ಲುಗಳು ಆ ಜಾಗಕ್ಕೆ ವಾಲುತ್ತವೆ, ಅಗಿಯುವ ಲೆಕ್ಕವೇ ತಪ್ಪುತ್ತದೆ. ರಾತ್ರಿ ಮಲಗುವ ಮುಂಚೆ ಬ್ರಷ್ ಕೊನೆಯ ಹಲ್ಲಿನವರೆಗೂ ಹೋಗಲಿ. ಸಂದುಗಳನ್ನು ಮುಚ್ಚುವ ಸೀಲಂಟ್ ಬೇಕೇ ಎಂದು ಡೆಂಟಿಸ್ಟರನ್ನು ಒಮ್ಮೆ ಕೇಳಿ.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಅನ್ನುತ್ತದೆ ಗಾದೆ. ನಮ್ಮ ಮಕ್ಕಳಿಗೆ ಕಡಲೆಗೇನೂ ಬರವಿಲ್ಲ. ಇವತ್ತು ರಾತ್ರಿ ಮೊಬೈಲ್ ಟಾರ್ಚ್ ಹಾಕಿ, ‘ಆ ಅನ್ನು ಪುಟ್ಟ’ ಎಂದು ಹಿಂದಿನ ಬೆಂಚನ್ನು ಒಮ್ಮೆ ನೋಡಿಬಿಡಿ.