ಮರಸು ಕೂರುವವರ ಹಗುರ ಏಣಿ

ಮಲೆನಾಡಿನ ಹಳಬರಿಗೆ 'ಮರಸು' ಎಂಬ ಮಾತು ಗೊತ್ತು. ಹತ್ತು ಜನ ಗದ್ದಲ ಮಾಡಿ ಪ್ರಾಣಿಯನ್ನು ಎಬ್ಬಿಸುವುದು ಸೋವು ಬೇಟೆ. ಹಣ್ಣು ಉದುರುವ ಮರದ ಮೇಲೋ ನೀರಿನ ದಾರಿಯ ಪಕ್ಕದಲ್ಲೋ ಒಬ್ಬನೇ ಅಡಗಿ ಕಾಯುವುದು ಮರಸು. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಥೆಗಳನ್ನು ಓದಿದವರಿಗೆ ಮಚಾನಿನ ಮೇಲಿನ ಆ ಉದ್ದನೆಯ ರಾತ್ರಿಗಳು ನೆನಪಿರುತ್ತವೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇದೆಲ್ಲ ಪುಸ್ತಕದೊಳಗಿನ ಮಾತಾಯಿತು. ಆಗಬೇಕಾದದ್ದೂ ಅದೇ.

ಅಮೆರಿಕದಲ್ಲಿ ಮರಸು ಇನ್ನೂ ಜೀವಂತ. ಪರವಾನಗಿ, ಋತು, ಇಂತಿಷ್ಟೇ ಪ್ರಾಣಿ ಎಂಬ ಲೆಕ್ಕ ಎಲ್ಲ ಇಟ್ಟುಕೊಂಡು ಲಕ್ಷಾಂತರ ಜನ ಪ್ರತಿ ವರ್ಷ ಬಿಳಿಬಾಲದ ಜಿಂಕೆಗಾಗಿ ಕಾಡಿಗೆ ಹೋಗುತ್ತಾರೆ. ಬಿಲ್ಲುಬಾಣದವರಿಗಂತೂ ಮರ ಬೇಕೇ ಬೇಕು. ಜಿಂಕೆ ತೀರ ಹತ್ತಿರ ಬರಬೇಕು, ಮನುಷ್ಯ ಅದರ ಕಣ್ಣಿಗೂ ಮೂಗಿಗೂ ಸಿಗಬಾರದು. ಹಾಗಾಗಿ ಹದಿನೈದು, ಇಪ್ಪತ್ತು ಅಡಿ ಮೇಲೆ ಕೂರುತ್ತಾರೆ. ಈ ಸಲ ಬರೆಯುತ್ತಿರುವುದು ಆ ಜಿಂಕೆಯ ಬಗ್ಗೆ ಅಲ್ಲ, ಆ ಇಪ್ಪತ್ತು ಅಡಿಯ ಬಗ್ಗೆ. ಯಾಕೆಂದರೆ ಅದನ್ನು ಹತ್ತುವ ವಿದ್ಯೆಯಲ್ಲಿ ಅವರು ಕಲಿತ ಒಂದು ಸಂಗತಿ ನಮ್ಮ ಊರಿನ ತೋಟಗಳಿಗೆ ಬೇಕಾಗಿದೆ ಎಂದು ನನಗೆ ಬಲವಾಗಿ ಅನ್ನಿಸಿದೆ.

ಮೊದಲು ಅವರ ಸಲಕರಣೆ ನೋಡೋಣ. ಹಿಂದೆ ಮರಕ್ಕೆ ಕಬ್ಬಿಣದ ಅಟ್ಟಣೆ ಕಟ್ಟಿ ಅದರ ಮೇಲೆ ಕೂರುತ್ತಿದ್ದರು, ಈಗಲೂ ಹೆಚ್ಚಿನವರು ಮಾಡುವುದು ಅದನ್ನೇ. ಅಟ್ಟಣೆ, ಏಣಿ ಎಲ್ಲ ಸೇರಿದರೆ ಹತ್ತು ಕಿಲೋ ಸುಲಭವಾಗಿ ದಾಟುತ್ತದೆ. ಸ್ವಂತ ಜಮೀನಿದ್ದವನಿಗೆ ತೊಂದರೆಯಿಲ್ಲ, ಒಮ್ಮೆ ಕಟ್ಟಿಟ್ಟರೆ ಮುಗಿಯಿತು. ಸರ್ಕಾರಿ ಕಾಡಿಗೆ ಹೋಗುವವನ ಪಾಡು ಬೇರೆ. ಅನೇಕ ಕಡೆ ಅಲ್ಲಿ ಅಟ್ಟಣೆಯನ್ನು ಬಿಟ್ಟು ಬರುವಂತಿಲ್ಲ, ಮರಕ್ಕೆ ಸ್ಕ್ರೂ ಹೊಡೆದು ಮೆಟ್ಟಿಲು ಮಾಡುವಂತಿಲ್ಲ. ಬೆಳಗಿನ ಜಾವದ ಕತ್ತಲಲ್ಲಿ ಎಲ್ಲವನ್ನೂ ಬೆನ್ನಿಗೆ ಹೊತ್ತು ಎರಡು ಮೂರು ಕಿಲೋಮೀಟರ್ ನಡೆಯಬೇಕು, ಸದ್ದಿಲ್ಲದೆ ಹತ್ತಬೇಕು, ಇಳಿದ ಮೇಲೆ ಎಲ್ಲವನ್ನೂ ಬಿಚ್ಚಿಕೊಂಡು ಬರಬೇಕು. ಇಂಥವರು ಹಿಡಿದ ದಾರಿಯೇ ಸ್ಯಾಡಲ್. ಹೆಸರು ಕೇಳಿ ಕುದುರೆಯ ಜೀನು ಅಂದುಕೊಳ್ಳಬೇಡಿ. ಸೊಂಟ ಮತ್ತು ತೊಡೆಯನ್ನು ಹಿಡಿದಿಡುವ ಅಗಲವಾದ ಬಟ್ಟೆಯ ಜೋಲಿ ಅದು. ಅದರ ಎರಡು ಪಕ್ಕದಿಂದ ಬಂದ ಹಗ್ಗವನ್ನು ಮರಕ್ಕೆ ತಲೆಯ ಮಟ್ಟದಲ್ಲಿ ಕಟ್ಟಿದ ಇನ್ನೊಂದು ಹಗ್ಗಕ್ಕೆ ಸಿಕ್ಕಿಸಿ, ಪುಟ್ಟ ಪಾದಹಲಗೆಯ ಮೇಲೆ ಕಾಲೂರಿ, ಮರಕ್ಕೆ ಮುಖ ಮಾಡಿ ಹಿಂದಕ್ಕೆ ಒರಗಿ ನಿಲ್ಲುವುದು. ಕೂತ ಹಾಗೂ ಹೌದು, ತೂಗಿದ ಹಾಗೂ ಹೌದು. ಜಿಂಕೆ ಆ ಕಡೆಯಿಂದ ಬಂದರೆ ಕಾಂಡದ ಮರೆಗೆ ಸರಿದುಕೊಳ್ಳಬಹುದು. ಮಿಶಿಗನ್ನಿನ ಬೇಟೆಗಾರ, ಲೇಖಕ ಜಾನ್ ಎಬರ್‌ಹಾರ್ಟ್ 1980ರ ದಶಕದಿಂದ ಹೀಗೇ ಕೂರುತ್ತಾ ಬಂದು ಅದನ್ನೇ ಹೇಳುತ್ತಾ ಬಂದವರು. ಆಗ ಕೇಳಿದವರು ಕಡಿಮೆ. ಈಚಿನ ಹತ್ತು ವರ್ಷಗಳಲ್ಲಿ ಅದು ದೊಡ್ಡ ವ್ಯಾಪಾರವಾಗಿದೆ.

ಜೋಲಿ ಹಗುರಾದ ಮೇಲೆ ಉಳಿದ ಭಾರ ಏಣಿಯದು. ಏಣಿ ಎಂದರೆ ಉದ್ದದ ಒಂದೇ ಏಣಿಯಲ್ಲ. ಒಂದೂವರೆ, ಎರಡು ಅಡಿಯ ಮೂರು ನಾಲ್ಕು ತುಂಡುಗಳು, 'ಕ್ಲೈಂಬಿಂಗ್ ಸ್ಟಿಕ್' ಎಂದು ಹೆಸರು. ನಡುವೆ ಒಂದು ಕೊಳವೆ, ಎರಡೂ ಕಡೆ ಕಾಲಿಡುವ ಮೆಟ್ಟಿಲು, ಹಿಂಬದಿಯಲ್ಲಿ ತೊಗಟೆಯನ್ನು ಕಚ್ಚುವ ಕವಲು. ಹಗ್ಗದಿಂದಲೋ ಪಟ್ಟಿಯಿಂದಲೋ ಮರವನ್ನು ಸುತ್ತಿ ಬಿಗಿದು ಕೆಳಕ್ಕೆ ಒತ್ತಿದರೆ ಕವಲು ಕೂರುತ್ತದೆ, ಮೇಲೆ ಭಾರ ಬಿದ್ದಷ್ಟೂ ಹಿಡಿತ ಗಟ್ಟಿ. ಮೊದಲನೆಯದನ್ನು ನೆಲದಲ್ಲಿ ನಿಂತು ಕಟ್ಟುವುದು, ಅದರ ಮೇಲೆ ನಿಂತು ಎರಡನೆಯದು, ಅದರ ಮೇಲೆ ನಿಂತು ಮೂರನೆಯದು. ಇಳಿಯುವಾಗ ಮೇಲಿನಿಂದ ಒಂದೊಂದಾಗಿ ಬಿಚ್ಚಿಕೊಂಡು ಬರುವುದು.

ಹಳೆಯ ಸ್ಟಿಕ್ ಒಂದೊಂದೂ ಒಂದು ಕಿಲೋಗಿಂತ ಹೆಚ್ಚು ತೂಗುತ್ತಿತ್ತು. ಅಲ್ಯುಮಿನಿಯಂ ಕೊಳವೆಯನ್ನು ತೆಳುವಾಗಿಸಿ, ಬಕಲ್ ತೆಗೆದು ಹಗ್ಗ ಹಾಕಿ, ಉದ್ದ ಕತ್ತರಿಸಿ ಮುಕ್ಕಾಲು ಕಿಲೋಗೆ ಇಳಿಸಿದರು. ಆಮೇಲೆ ಟೈಟೇನಿಯಂ, ಕಾರ್ಬನ್ ಫೈಬರ್ ಬಂದು ಅರ್ಧ ಕಿಲೋ ಆಸುಪಾಸಿಗೆ ಬಂತು. ಅಲ್ಲಿಂದ ಮುಂದೆ ನಡೆದಿರುವುದು ಗ್ರಾಂ ಲೆಕ್ಕದ ಯುದ್ಧ. ಒಂದು ಬೋಲ್ಟ್ ಬದಲಿಸಿ ಮೂವತ್ತು ಗ್ರಾಂ ಉಳಿಸಿದೆವೆಂದು ಜಾಹೀರಾತು ಕೊಡುತ್ತಾರೆ. ಕೊಳ್ಳುವವನ ಚೀಲದಲ್ಲಿ ಎರಡು ಲೀಟರ್ ನೀರು, ಸ್ಯಾಂಡ್‌ವಿಚ್ಚು ಇದ್ದೇ ಇರುತ್ತದೆ, ಹೊಟ್ಟೆಯ ಮೇಲಿನ ಐದು ಕಿಲೋ ಬೇರೆ. ನನ್ನನ್ನು ಕೇಳಿದರೆ ಒಂದು ಹಂತದ ಆಚೆಗೆ ಇದು ಬರೀ ಶೋಕಿ.

ಶೋಕಿಯ ಜೊತೆ ಅಪಾಯವೂ ಬರುತ್ತದೆ ಎಂಬುದು ಮುಖ್ಯ. ಸ್ಟಿಕ್ ಗಿಡ್ಡವಾದರೆ ಅದೇ ಎತ್ತರಕ್ಕೆ ಹೆಚ್ಚು ಸ್ಟಿಕ್ ಬೇಕು. ಇಲ್ಲವಾದರೆ ಕೆಳಗೆ ಪಟ್ಟಿಯ ಕುಣಿಕೆ ಇಳಿಬಿಟ್ಟು ಅದರಲ್ಲಿ ಕಾಲಿಡಬೇಕು. ನಾಲ್ಕು ಸ್ಟಿಕ್ಕಿನ ಕೆಲಸವನ್ನು ಹೀಗೆ ಮೂರರಲ್ಲಿ, ಎರಡರಲ್ಲಿ ಮುಗಿಸುತ್ತಾರೆ. ಒಂದೇ ಸ್ಟಿಕ್ಕನ್ನು ಮೇಲೆ ಮೇಲೆ ಸರಿಸಿಕೊಂಡು ಹತ್ತಿ, ಹಗ್ಗದ ಮೇಲೆ ಜಾರಿ ಇಳಿಯುವವರೂ ಇದ್ದಾರೆ. ಕುಣಿಕೆ ತೂಗಾಡುತ್ತದೆ, ಬೂಟು ಸಿಕ್ಕಿಹಾಕಿಕೊಳ್ಳುತ್ತದೆ, ಮಂಜು ಬಿದ್ದ ಲೋಹ ಜಾರುತ್ತದೆ. ಮರದಿಂದ ಬೀಳುವವರಲ್ಲಿ ಹೆಚ್ಚಿನವರು ಬೀಳುವುದು ಮೇಲೆ ಕೂತಿದ್ದಾಗ ಅಲ್ಲ, ಹತ್ತುವಾಗ, ಇಳಿಯುವಾಗ, ಏಣಿಯಿಂದ ಅಟ್ಟಣೆಗೆ ದಾಟುವಾಗ. ಅಲ್ಲಿನ ಸುರಕ್ಷತಾ ತರಬೇತಿಯವರು ಪದೇ ಪದೇ ಹೇಳುವುದು ಇದನ್ನೇ: ಕಾಲು ನೆಲ ಬಿಟ್ಟ ಕ್ಷಣದಿಂದ ಮತ್ತೆ ನೆಲ ಮುಟ್ಟುವವರೆಗೆ ಮರಕ್ಕೆ ಕಟ್ಟಿಕೊಂಡೇ ಇರಬೇಕು.

ಸ್ಯಾಡಲ್‌ನವರ ನಿಜವಾದ ಜಾಣತನ ಇಲ್ಲಿದೆ. ಅವರು ಹತ್ತುವಾಗ ಸೊಂಟದ ಎರಡು ಪಕ್ಕಕ್ಕೆ ಸಿಕ್ಕಿಸಿದ ಹಗ್ಗವೊಂದು ಮರವನ್ನು ಬಳಸಿರುತ್ತದೆ. ವಿದ್ಯುತ್ ಕಂಬ ಹತ್ತುವ ಲೈನ್‌ಮ್ಯಾನ್‌ಗಳಿಂದ ಬಂದದ್ದು ಅದು, ಹೆಸರೇ 'ಲೈನ್‌ಮ್ಯಾನ್ಸ್ ಬೆಲ್ಟ್'. ಎರಡೂ ಕೈ ಬಿಟ್ಟು ಒರಗಿ ನಿಂತು ಮುಂದಿನ ಸ್ಟಿಕ್ ಕಟ್ಟಬಹುದು. ಅಡ್ಡ ಕೊಂಬೆ ಬಂದರೆ? ಮೊದಲು ಎರಡನೇ ಹಗ್ಗವನ್ನು ಕೊಂಬೆಯ ಮೇಲ್ಗಡೆ ಕಟ್ಟಿಕೊಂಡು, ಆಮೇಲೆ ಮೊದಲನೆಯದನ್ನು ಬಿಚ್ಚುವುದು. ಎರಡರಲ್ಲಿ ಒಂದು ಯಾವಾಗಲೂ ಮರಕ್ಕೇ ಇರುತ್ತದೆ. ಜಾರಿ ಜೋತುಬಿದ್ದು ಹಾಗೇ ತೂಗಾಡುತ್ತಿದ್ದರೆ ನಿಮಿಷಗಳ ಲೆಕ್ಕದಲ್ಲೇ ಕಾಲಿನ ರಕ್ತಸಂಚಾರ ಕೆಟ್ಟು ಪ್ರಾಣಕ್ಕೆ ಬರಬಹುದೆಂದು ಗೊತ್ತಿರುವುದರಿಂದ, ಕಾಲೂರಿ ನಿಲ್ಲಲು ಒಂದು ಪಟ್ಟಿಯನ್ನು ಜೇಬಿನಲ್ಲಿ ಇಟ್ಟಿರುತ್ತಾರೆ.

ಇದನ್ನೆಲ್ಲ ಓದುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಓಕ್ ಮರವಲ್ಲ, ಅಡಿಕೆ ಮರ.

ನಮ್ಮ ಓದುಗರಲ್ಲಿ ದಕ್ಷಿಣ ಕನ್ನಡ, ಶಿರಸಿ, ಸಾಗರ, ತೀರ್ಥಹಳ್ಳಿ ಕಡೆಯವರು ಬೇಕಾದಷ್ಟು ಮಂದಿ. ಮುಂಬಯಿಯಲ್ಲೋ ಪುಣೆಯಲ್ಲೋ ಇದ್ದರೂ ಊರಿನ ತೋಟದ ಲೆಕ್ಕ ಫೋನಿನಲ್ಲಿ ನಡೆಯುತ್ತಲೇ ಇರುತ್ತದೆ. "ಕೊನೆಗಾರ ಸಿಕ್ಕಿದನಾ?" ಎಂಬುದು ಆ ಮಾತುಕತೆಯ ಖಾಯಂ ಪ್ರಶ್ನೆ. ಕೊನೆಗಾರನ ಸಲಕರಣೆ ಏನು? ಕಾಲಿಗೆ ಒಂದು ತಳೆ, ಸೊಂಟಕ್ಕೆ ಒಂದು ಕತ್ತಿ, ಕೊನೆ ಇಳಿಸಲು ಹಗ್ಗ. ಎಲ್ಲ ಸೇರಿದರೂ ಟೈಟೇನಿಯಂ ಸ್ಟಿಕ್ಕಿನವನು ನಾಚಬೇಕು, ಅಷ್ಟು ಹಗುರ. ಹತ್ತುವುದು ಮಾತ್ರ ಇಪ್ಪತ್ತು ಅಡಿಯಲ್ಲ, ನಲವತ್ತು, ಐವತ್ತು, ಹಳೆಯ ತೋಟದಲ್ಲಿ ಅದಕ್ಕೂ ಮೇಲೆ. ಒಂದು ಮರದ ತುದಿಯಿಂದ ಪಕ್ಕದ ಮರವನ್ನು ಎಳೆದು ಹಿಡಿದು ದಾಟುತ್ತಾನೆ. ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಯಬೇಕಾದದ್ದು ಮಳೆಗಾಲದಲ್ಲೇ, ಪಾಚಿ ಕಟ್ಟಿ ಕಾಂಡ ಜಾರುವ ದಿನಗಳಲ್ಲೇ. ಅವನನ್ನು ಮರಕ್ಕೆ ಕಟ್ಟಿಟ್ಟಿರುವುದು ಅವನ ಎರಡು ಕೈ, ಎರಡು ಕಾಲು ಮಾತ್ರ. ಬಿದ್ದವರ ಮನೆ ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದಾದರೂ ಗೊತ್ತಿದೆ.

ಹಾಗೆಂದು ಸ್ಟಿಕ್ ತರಿಸಿ ಕೊಡಿ ಎನ್ನುತ್ತಿಲ್ಲ. ಅಡಿಕೆ ಮರಕ್ಕೆ ಅದು ಆಗುವುದಿಲ್ಲ. ಒರಟು ತೊಗಟೆಯ ದಪ್ಪ ಮರಕ್ಕೆ ಕಚ್ಚುವ ಕವಲು ಈ ನುಣುಪಾದ ತೆಳು ಕಾಂಡದ ಮೇಲೆ ಕೂರದು. ಕೂತರೂ ಐವತ್ತು ಅಡಿಗೆ ಎಷ್ಟು ಸ್ಟಿಕ್ ಬೇಕು? ಬೇಟೆಗಾರ ದಿನಕ್ಕೆ ಒಂದು ಮರ ಹತ್ತುತ್ತಾನೆ, ಕೊನೆಗಾರ ಹತ್ತಾರು ಮರ. ಇವನಿಗೆ ಭಾರ ಸಮಸ್ಯೆಯೇ ಅಲ್ಲ, ಹೊತ್ತು ಸಮಸ್ಯೆ. ಬಂಟ್ವಾಳ ಕಡೆಯ ಸಜೀಪದ ಕೃಷಿಕ ಗಣಪತಿ ಭಟ್ಟರು 2019ರ ಹೊತ್ತಿಗೆ ಮಾಡಿ ತೋರಿಸಿದ ಪೆಟ್ರೋಲಿನ ಮರ ಏರುವ ಬೈಕು ಗೆದ್ದದ್ದು ಈ ಹೊತ್ತಿನ ವಿಚಾರದಲ್ಲಿ. ನೆಲದಲ್ಲೇ ನಿಂತು ಕೊಯ್ಯುವ ಕಾರ್ಬನ್ ಫೈಬರ್ ದೋಟಿಯೂ ಅಷ್ಟೇ. ಬೇಟೆಯವರ ಸ್ಟಿಕ್ಕಿಗೂ ಈ ದೋಟಿಗೂ ವಸ್ತು ಒಂದೇ, ಉಳಿಸುವ ಜೀವ ಮಾತ್ರ ನಮ್ಮದು. ದೋಟಿ ಇದ್ದಲ್ಲಿ ಮರ ಹತ್ತುವ ಅಗತ್ಯವೇ ಇಲ್ಲ, ಅದಕ್ಕಿಂತ ಸುರಕ್ಷಿತ ಬೇರೇನಿದೆ? ಆದರೆ ತೀರ ಎತ್ತರದ ಮರಕ್ಕೆ ಅದು ಬಾಗುತ್ತದೆ, ಹಿಡಿಯುವವನ ಹೆಗಲು ಸೋಲುತ್ತದೆ. ಅಲ್ಲಿ ಹತ್ತುವವನು ಇನ್ನೂ ಬೇಕು.

ಅವನಿಗೆ ಕೊಡಬೇಕಾದದ್ದು ಆ ಬೆಲ್ಟು, ಆ ಎರಡು ಹಗ್ಗ. ಇದು ಅಮೆರಿಕದಿಂದ ಬರಬೇಕಾದ್ದೇನಲ್ಲ. ಕಟ್ಟಡ ಕೆಲಸದವರ, ವಿದ್ಯುತ್ ಕಂಬದವರ ಬೆಲ್ಟು ನಾವಿರುವ ಎಲ್ಲ ನಗರಗಳ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ತೆಂಗಿನವರಿಗೆ ಈ ಬುದ್ಧಿ ಬೇಗ ಬಂತು. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಶುರು ಮಾಡಿದ ಮರ ಏರುವವರ ತರಬೇತಿಯಲ್ಲಿ ಯಂತ್ರದ ಜೊತೆ ವಿಮೆಯನ್ನೂ ಸೇರಿಸಿತು. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಆ ಯಂತ್ರಕ್ಕೆ ಸುರಕ್ಷತಾ ಪಟ್ಟಿಯನ್ನೂ ಜೋಡಿಸಿತು.

ಕೊನೆಗಾರರ ಆಕ್ಷೇಪ ನನಗೆ ಗೊತ್ತು, ಅದರಲ್ಲಿ ಹುರುಳಿದೆ. "ಮರವೇ ಮುರಿದರೆ ಬೆಲ್ಟು ನನ್ನನ್ನು ಮರದ ಜೊತೆಗೇ ಕೆಡವುತ್ತದಲ್ಲ?" ನಿಜ, ಟೊಳ್ಳಾದ ಮರಕ್ಕೆ ಯಾವ ಬೆಲ್ಟೂ ಇಲ್ಲ. ಅಂಥದ್ದನ್ನು ಕೆಳಗಿನಿಂದಲೇ ಬಡಿದು ನೋಡಿ ಬಿಟ್ಟುಬಿಡಬೇಕು. ತೋಟದ ಯಜಮಾನ ಅಲ್ಲಿ ನಾಲ್ಕು ಕೊನೆಯ ಆಸೆ ಬಿಡಬೇಕು. ಇನ್ನು ಮರದಿಂದ ಮರಕ್ಕೆ ದಾಟುವಾಗ ಬಿಚ್ಚಿ ಕಟ್ಟಲು ಹೊತ್ತು ಹೋಗುತ್ತದೆ ಎನ್ನುತ್ತಾರೆ. ಹೋಗುತ್ತದೆ. ಮುಂದಿನ ಮರಕ್ಕೆ ಎರಡನೇ ಹಗ್ಗ ಹಾಕಿ, ಆಮೇಲೆ ಹಿಂದಿನದನ್ನು ಬಿಚ್ಚಲು ಮರವೊಂದಕ್ಕೆ ಒಂದೆರಡು ನಿಮಿಷ ಬೇಕು. ಸಂಜೆಯ ಹೊತ್ತಿಗೆ ಕೆಲವು ಮರ ಕಡಿಮೆಯಾಗುತ್ತವೆ. ಮರಕ್ಕೆ ಇಂತಿಷ್ಟು ಎಂದು ಕೂಲಿ ಕೊಡುವ ಕಡೆ ಆ ನಷ್ಟ ಪೂರ್ತಿ ಅವನ ತಲೆಗೆ ಬೀಳುತ್ತದೆ, ಹಾಗಾಗಿ ಅವನು ಬೆಲ್ಟನ್ನು ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿ ಬರುತ್ತಾನೆ. ಅದರಲ್ಲಿ ಅವನ ತಪ್ಪು ಹುಡುಕಬೇಡಿ. ಬೆಲ್ಟು ಕೊಳ್ಳುವ ಮನೆಯವರು ಆ ಕೆಲವು ಮರದ ಕೂಲಿಯನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ಊರಿಗೆ ಫೋನು ಮಾಡಿದಾಗ ಕೊನೆಗಾರ ಸಿಕ್ಕಿದನಾ ಎಂದು ಕೇಳಿದ ಮೇಲೆ ಇದನ್ನೂ ಮಾತಾಡಿ. ಮೊದಲ ಮದ್ದು ಹೊಡೆಯುವುದು ಮುಂಗಾರು ಹಿಡಿಯುವ ಹೊತ್ತಿಗೆ. ಬೆಲ್ಟು ಅದಕ್ಕೆ ಒಂದು ತಿಂಗಳು ಮುಂಚೆ ಕೈಗೆ ಸಿಕ್ಕರೆ ಒಣ ಮರದ ಮೇಲೆ, ಗಿಡ್ಡ ಮರದ ಮೇಲೆ ನಾಲ್ಕು ದಿನ ಹಾಕಿ ಅಭ್ಯಾಸ ಮಾಡಿಕೊಳ್ಳಲು ಅವನಿಗೆ ಬಿಡುವಿರುತ್ತದೆ.