ಮದ್ದಿಗೆ ಮಣಿಯದ ರೋಗಾಣು

ಬೇಲೆಕೇರಿಯ ಬಂದರಿನಲ್ಲಿ ಮೀನಿನ ಮುಳ್ಳು ಚುಚ್ಚುವುದು ಸುದ್ದಿಯ ವಿಷಯವಲ್ಲ. ಬಲೆ ಬಿಡಿಸುವ ಕೈಗೆ ಅದು ನಿತ್ಯದ ಮಾತು. ಗಾಯವನ್ನು ತೊಳೆದು, ಬಟ್ಟೆಯ ಚಿಂದಿ ಸುತ್ತಿ, ಮರುದಿನ ಮತ್ತೆ ದೋಣಿ ಏರುವವರೇ ಹೆಚ್ಚು. ಹಾಗೆ ಮುಳ್ಳು ತಾಗಿಸಿಕೊಂಡ ನಮ್ಮ ನೆರೆಯ ಹಿರಿಯರೊಬ್ಬರು ಕೆಲ ತಿಂಗಳ ಹಿಂದೆ ದೂರದ ಊರಿನ ಆಸ್ಪತ್ರೆಯೊಂದರಲ್ಲಿ ಮೂರು ವಾರ ಮಲಗಿ, ಒಂದು ಬೆರಳನ್ನು ಕಳೆದುಕೊಂಡು ಬಂದರು. ಬಂದವರು ಕಾಗದವೊಂದನ್ನು ನನ್ನ ಮುಂದಿಟ್ಟು, “ಮಾಸ್ತರೇ, ಇದರಲ್ಲಿ ಏನು ಬರೆದಿದ್ದಾರೆ, ಸ್ವಲ್ಪ ಓದಿ ಹೇಳಿ” ಎಂದರು.

ಹಳಗನ್ನಡ ಕಾವ್ಯವನ್ನು ಪಾಠ ಹೇಳುವವನಿಗೆ ಆ ಕಾಗದ ಹೊಸದೊಂದು ಲಿಪಿಯೇ ಸರಿ. ಎಡಕ್ಕೆ ಇಪ್ಪತ್ತರಷ್ಟು ಔಷಧಗಳ ಹೆಸರು. ಬಲಕ್ಕೆ ಪ್ರತಿಯೊಂದರ ಎದುರು ಒಂದೊಂದು ಇಂಗ್ಲಿಷ್ ಅಕ್ಷರ. ‘ಎಸ್’ ಎಂದರೆ ರೋಗಾಣು ಆ ಮದ್ದಿಗೆ ಮಣಿಯುತ್ತದೆ; ‘ಆರ್’ ಎಂದರೆ ಮಣಿಯದು. ಕಾಗದದ ತುಂಬ ‘ಆರ್’. ಕೊನೆಯ ಎರಡು ಸಾಲುಗಳಲ್ಲಿ ಮಾತ್ರ ‘ಎಸ್’. ಹಿರಿಯರ ಜೀವ ಉಳಿದದ್ದು ಆ ಎರಡು ಸಾಲುಗಳ ಪುಣ್ಯದಿಂದ.

ಅಣುಜೀವಿಗೆ ಈ ಹಟ ಎಲ್ಲಿಂದ ಬಂತು? ಆಂಟಿಬಯಾಟಿಕ್ ಎಂದು ಊರೆಲ್ಲ ಬಲ್ಲ ಪ್ರತಿಜೀವಕ ಮದ್ದುಗಳ ಯುಗಕ್ಕೆ ನಾಂದಿ ಹಾಡಿದ್ದು ಪೆನಿಸಿಲಿನ್. 1928ರಲ್ಲಿ ಅದನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್, 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲಿಯೇ, ಅರೆಬರೆ ಪ್ರಮಾಣದ ಮದ್ದು ರೋಗಾಣುವನ್ನು ಕೊಲ್ಲದೆ ಅದಕ್ಕೆ ಎದುರು ನಿಲ್ಲುವುದನ್ನು ಕಲಿಸುತ್ತದೆಂದು ಎಚ್ಚರಿಸಿದ್ದರು. ಕೋಟ್ಯಂತರ ಅಣುಜೀವಿಗಳ ನಡುವೆ ಮದ್ದನ್ನು ಸಹಿಸಬಲ್ಲವು ಕೆಲವಿರುತ್ತವೆ. ಮಿಕ್ಕವು ಸತ್ತ ಮೇಲೆ ಹೊಲವೆಲ್ಲ ಅವುಗಳದೇ. ಅಷ್ಟಕ್ಕೇ ನಿಂತಿದ್ದರೆ ಅಪಾಯಕ್ಕೊಂದು ಮಿತಿಯಾದರೂ ಇರುತ್ತಿತ್ತು. ಆದರೆ ಆ ಗುಣವನ್ನು ಹೊತ್ತ ವಂಶವಾಹಿ, ಅಂದರೆ ಜೀನ್, ಎಷ್ಟೋ ವೇಳೆ ಪ್ಲಾಸ್ಮಿಡ್ ಎಂಬ ಪುಟ್ಟ ಉಂಗುರದಲ್ಲಿ ಅಡಗಿರುತ್ತದೆ. ಒಂದು ಅಣುಜೀವಿ ಅದರ ಪ್ರತಿಯನ್ನು ಬೇರೆ ಜಾತಿಯ ಅಣುಜೀವಿಗೂ ದಾಟಿಸಬಲ್ಲದು. ಇದು ತಂದೆಯಿಂದ ಮಗನಿಗೆ ಬರುವ ಆಸ್ತಿಯಂತಲ್ಲ. ನೆರೆಮನೆಗೆ ಕೊಟ್ಟ ಹೆಪ್ಪಿನಂತೆ. ಕೊಟ್ಟವರಲ್ಲಿ ಕುಂದುವುದಿಲ್ಲ, ಪಡೆದವರಲ್ಲಿ ಬೆಳೆಯುತ್ತದೆ. ನಾನಾ ರೋಗಿಗಳೂ ನಾನಾ ಮದ್ದುಗಳೂ ಒಂದೆಡೆ ಕೂಡುವ ಆಸ್ಪತ್ರೆಯ ವಾರ್ಡು ಇಂಥ ಕೊಳುಕೊಡುಗೆಗೆ ಬಹಳ ಅನುಕೂಲವಾದ ಸ್ಥಳ.

2008ರಲ್ಲಿ, ದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ ರೋಗಿಯೊಬ್ಬರಲ್ಲಿ, ಕಾರ್ಬಪೆನೆಮ್ ಎಂಬ ಪ್ರಬಲ ಮದ್ದುಗಳನ್ನೂ ಒಡೆದು ಹಾಕುವ ಅಣುಜೀವಿ ಪತ್ತೆಯಾಯಿತು. ಅದರ ಜೀನಿಗೆ ನವದೆಹಲಿಯ ಹೆಸರನ್ನೇ ಸೇರಿಸಿ ಎನ್‌ಡಿಎಂ-1 ಎಂದು ಕರೆದರು. 2010ರಲ್ಲಿ ಆ ಹೆಸರಿಗಾಗಿ ನಮ್ಮಲ್ಲಿ ದೊಡ್ಡ ಕೋಲಾಹಲವೇ ಎದ್ದಿತು. ಹೆಸರಿಗೆ ನೊಂದವರು ಬಹಳ, ಜೀನಿಗೆ ಬೆದರಿದವರು ವಿರಳ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದೆಹಲಿಯ ಬೀದಿಗಳಲ್ಲಿ ನಿಂತ ನೀರಿನ 171 ಮಾದರಿಗಳ ಪೈಕಿ 51ರಲ್ಲಿಯೂ, ಕುಡಿಯುವ ನೀರಿನ 50 ಮಾದರಿಗಳ ಪೈಕಿ 2ರಲ್ಲಿಯೂ ಅದೇ ಜೀನ್ ಕಾಣಿಸಿತು. 2016ರಲ್ಲಿ ಅಮೆರಿಕದ ನೆವಾಡಾದಲ್ಲಿ ವೃದ್ಧೆಯೊಬ್ಬರು ತೀರಿಕೊಂಡರು. ತೊಡೆಯ ಮೂಳೆ ಮುರಿದು ಭಾರತದಲ್ಲಿ ಹಲವು ಸಲ ಆಸ್ಪತ್ರೆ ಸೇರಿದ್ದವರು ಅವರು. ಅಲ್ಲಿ ಪರೀಕ್ಷಿಸಿದ 26 ಪ್ರತಿಜೀವಕಗಳಲ್ಲಿ ಒಂದಾದರೂ ಅವರ ರೋಗಾಣುವನ್ನು ಮಣಿಸಲಿಲ್ಲ. ಆ ಕಾಗದದಲ್ಲಿ ‘ಎಸ್’ ಎಂಬ ಅಕ್ಷರವೇ ಇರಲಿಲ್ಲವೆಂದು ಇದರ ಅರ್ಥ.

ನಮ್ಮಲ್ಲಿ ಕಾನೂನು ಇಲ್ಲವೆನ್ನುವಂತಿಲ್ಲ. 2014ರ ಮಾರ್ಚಿನಿಂದ ಹಲವು ಪ್ರತಿಜೀವಕಗಳು ‘ಎಚ್-1’ ಪಟ್ಟಿಗೆ ಸೇರಿವೆ. ವೈದ್ಯರ ಚೀಟಿಯಿಲ್ಲದೆ ಮಾರಬಾರದು, ಮಾರಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು. 2017ರಲ್ಲಿ ರಾಷ್ಟ್ರೀಯ ಕ್ರಿಯಾಯೋಜನೆಯೂ ಬಂದಿತು. 2019ರಲ್ಲಿ, ಆಸ್ಪತ್ರೆಗಳ ಕಡೆಯ ಅಸ್ತ್ರವಾದ ಕೊಲಿಸ್ಟಿನ್ನನ್ನು ಕೋಳಿ, ದನಕರುಗಳಿಗೆ ಕೊಡುವುದನ್ನು ಸರ್ಕಾರ ನಿಷೇಧಿಸಿತು. ಆದರೂ ಅಂಗಡಿಯ ಮುಂದೆ ನಿಂತು ‘ಜ್ವರಕ್ಕೆ ಒಂದೆರಡು ಗುಳಿಗೆ’ ಎಂದು ಕೇಳುವವರೂ ಕೊಡುವವರೂ ಇದ್ದೇ ಇದ್ದಾರೆ.

ಇನ್ನು ನಮ್ಮ ಜಿಲ್ಲೆಯ ಮಾತು. ಕಾರವಾರದಲ್ಲಿ 2016ರಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಆರಂಭವಾಯಿತು. ಹಾಗಿದ್ದೂ ಕಾಯಿಲೆ ಬಿಗಡಾಯಿಸಿದರೆ ಗೋವೆ, ಮಣಿಪಾಲ, ಮಂಗಳೂರು, ಹುಬ್ಬಳ್ಳಿಗಳ ದಾರಿ ಹಿಡಿಯುವುದು ಇಲ್ಲಿನವರಿಗೆ ತಪ್ಪಿಲ್ಲ. 2022ರಲ್ಲಿ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಎದ್ದ ಕೂಗು ನ್ಯಾಯವಾದದ್ದೇ. ಆದರೆ ಆಸ್ಪತ್ರೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಮಹಡಿ, ಹಾಸಿಗೆ, ಯಂತ್ರ. ಗಾಯದ ಕೀವನ್ನು ತಟ್ಟೆಯಲ್ಲಿ ಬೆಳೆಸಿ, ಅದರ ಮೇಲೆ ಮದ್ದಿನ ಪುಟ್ಟ ಬಿಲ್ಲೆಗಳನ್ನಿಟ್ಟು, ಯಾವ ಬಿಲ್ಲೆಯ ಸುತ್ತ ರೋಗಾಣು ಬೆಳೆಯದೆ ಉಳಿಯಿತೆಂದು ನೋಡುವ ಆ ಪರೀಕ್ಷೆ ಯಾರ ಕೂಗಿನಲ್ಲಿಯೂ ಕೇಳಿಬರುವುದಿಲ್ಲ. ಅದಕ್ಕೆ ಎರಡು ಮೂರು ದಿನ ಸಾಕು. ಅದು ರೋಗಿಯ ಹತ್ತಿರದಲ್ಲಿ, ಚಿಕಿತ್ಸೆಯ ಆರಂಭದಲ್ಲಿಯೇ ನಡೆದರೆ ವೈದ್ಯರು ಕತ್ತಲಲ್ಲಿ ಬಾಣ ಬಿಡಬೇಕಾಗಿಲ್ಲ. ಪ್ರಬಲ ಮದ್ದನ್ನು ಪ್ರಬಲ ರೋಗಕ್ಕಾಗಿ ಕಾದಿರಿಸಬಹುದು. ತಾಲ್ಲೂಕಿನ ಆಸ್ಪತ್ರೆಗೂ ಆ ಸೌಲಭ್ಯ ಎಟುಕುವಂತಾಗಬೇಕು. ಅದರ ಜೊತೆಗೆ ಕೈತೊಳೆಯುವ ಶಿಸ್ತೂ ವಾರ್ಡಿನ ಶುಚಿತ್ವವೂ ಸೇರಿದರೆ, ಕಟ್ಟಡಕ್ಕಿಂತ ಕಡಿಮೆ ಖರ್ಚಿನಲ್ಲಿ ಹೆಚ್ಚು ಜೀವ ಉಳಿದೀತು.

ಕಾಗದ ಓದಿ ಮುಗಿಸಿ ಹಿರಿಯರನ್ನು ಕೇಳಿದೆ, ಮೊದಲು ಮುಳ್ಳು ತಾಗಿದಾಗ ಏನು ಮಾಡಿದಿರಿ ಎಂದು. ಅವರು ಒಳಗೆ ಹೋಗಿ ತಗಡಿನ ಡಬ್ಬಿಯೊಂದನ್ನು ತಂದರು. ಅಂಗಡಿಯಿಂದ ಕೇಳಿ ತಂದ ಹತ್ತು ಗುಳಿಗೆಗಳಲ್ಲಿ ಆರು ಅದರಲ್ಲಿ ಹಾಗೆಯೇ ಇದ್ದವು. “ನೋವು ಕಡಿಮೆಯಾಯಿತು ಮಾಸ್ತರೇ, ಸುಮ್ಮನೆ ಯಾಕೆ ನುಂಗುವುದು? ಮುಂದೆ ಮನೆಯಲ್ಲಿ ಯಾರಿಗಾದರೂ ಬೇಕಾದೀತೆಂದು ಇಟ್ಟೆ.” ಆ ರೋಗಾಣು ಈ ಡಬ್ಬಿಯಿಂದ ಹಟ ಕಲಿತಿತೋ, ಆಸ್ಪತ್ರೆಯ ವಾರ್ಡಿನಲ್ಲಿ ಅಂಟಿತೋ, ಕಾಗದ ಹೇಳುವುದಿಲ್ಲ. ಉಳಿಸಿಡುವುದು ಬಡವರ ಮನೆಯ ದೊಡ್ಡ ಗುಣ. ಆ ಗುಣವೇ ಇಲ್ಲಿ ದೋಷವಾಯಿತೆಂದು ಅವರಿಗೆ ಹೇಳಲು ನಾನು ಬಹಳ ಹೊತ್ತು ತಡವರಿಸಿದೆ. ಹೇಳಬೇಕಾದವರು ಅವರಿಗಿಂತ ಮೊದಲು ಅಂಗಡಿಗೂ ಆಸ್ಪತ್ರೆಗೂ ಸರ್ಕಾರಕ್ಕೂ ಹೇಳಬೇಕಾಗಿದೆ.